ಸಹಾಯ ಬೇಕು: ಪಿಸಿಎಂ 45% ಬರ್ಲಿಲ್ಲ, ತಮ್ಮಂಗೆ ಮುಂದೆ ಏನ್ ಮಾಡ್ಸೋದು?

ಎಲ್ರಿಗೂ ನಮಸ್ಕಾರ, ನಾವು ಸಕಲೇಶಪುರದ ಹತ್ರದವ್ರು. ತಮ್ಮನ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು, ಫಿಸಿಕ್ಸ್ 46, ಕೆಮಿಸ್ಟ್ರಿ 48, ಮ್ಯಾಥ್ಸ್ 37, ಒಟ್ಟು 131. ಪಾಸೇನೋ ಆಗಿದಾನೆ, ಆದ್ರೆ ನಮ್ದು ಜನರಲ್ ಮೆರಿಟ್, ಇಂಜಿನಿಯರಿಂಗ್‌ಗೆ 300ಕ್ಕೆ 135 ಬೇಕಲ್ಲ, ಬರೀ 4 ಮಾರ್ಕ್ಸ್ ಕಮ್ಮಿ. ಪರೀಕ್ಷೆ ಹೊತ್ತಿಗೆ ಜಾಂಡೀಸ್ ಆಗಿತ್ತು ಅವ್ನಿಗೆ, ಮ್ಯಾಥ್ಸ್ ದಿನ ಗಂಜಿ ಕುಡ್ದು ಹೋಗಿ ಬರ್ದು ಬಂದ. ಹಾಸನದಲ್ಲೇ ಮಲ್ನಾಡ್ ಕಾಲೇಜಲ್ಲಿ ಓದ್ಬೇಕು ಅಂತ ಎರಡು ವರ್ಷದಿಂದ ಹೇಳ್ತಿದ್ದ, ಈಗ ರೂಮಿಂದ ಆಚೆನೇ ಬರ್ತಿಲ್ಲ, ಅಮ್ಮ ಸಿಇಟಿ ಹಾಲ್ ಟಿಕೆಟ್ ಇನ್ನೂ ದೇವ್ರ ಫೋಟೋ ಹಿಂದೇನೇ ಇಟ್ಟಿದಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪರೀಕ್ಷೆ-2 (ಪಿಯುಸಿದು ಎರಡನೇ ಸಲ ನಡ್ಸೋ ಪರೀಕ್ಷೆ) ಬರ್ಸಿದ್ರೆ ಯಾವ್ದು ಜಾಸ್ತಿ ಇದ್ಯೋ ಆ ಮಾರ್ಕ್ಸೇ ತಗೋತಾರೆ, ಅದು ಗೊತ್ತು. ಸಿಇಟಿ ರ‍್ಯಾಂಕಲ್ಲೂ ಅರ್ಧ ಪಿಯುಸಿ ಮಾರ್ಕ್ಸೇ ಅಲ್ವಾ, ಹಂಗಾಗಿ ಮ್ಯಾಥ್ಸ್ ಒಂದೇ ಬರ್ಸೋದಾ ಇಲ್ಲ ಮೂರೂ ಬರ್ಸೋದಾ? ಮ್ಯಾಥ್ಸ್ ಪೇಪರ್ ಫೋಟೋಕಾಪಿ ತೆಗ್ಸಿ ರೀವ್ಯಾಲ್ಯುವೇಶನ್‌ಗೂ ಹಾಕೋದು ಒಳ್ಳೇದಾ? ಹೊಸ ಮಾರ್ಕ್ಸ್ ಕೆಇಎಗೆ (ಸಿಇಟಿ ನಡ್ಸೋ ಪರೀಕ್ಷಾ ಪ್ರಾಧಿಕಾರ) ತಾನಾಗೇ ಹೋಗುತ್ತಾ, ನಾವೇ ಹಾಕ್ಬೇಕಾ? ಹೋದ್ ವರ್ಷ ಹಿಂಗೇ ಬರ್ದು ಸೀಟ್ ತಗೊಂಡವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಅವ್ನ ಹತ್ರ ಒಂದೈದ್ ನಿಮಿಷ ಫೋನಲ್ಲಿ ಮಾತಾಡಿದ್ರೂ ಸಾಕು.