ಮೇಲಿನ ಹಳ್ಳ ಮುಚ್ಚಿದ್ದು ಯಾರು?

ಮೂಲೆಮನೆ ಅಕ್ಕ, ಬೆಳಗ್ಗೆ 4:12
ಯಾರೂ ಮಲಗಿಲ್ಲ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆಯ ಮಳೆಗೆ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ಕೆಸರು. ಕರು ಗೋದಲಿಗೆ ಮುಂಗಾಲಿಟ್ಟು ನಡುಗುತ್ತಾ ನಿಂತಿತ್ತು. ಇಷ್ಟು ವರ್ಷ ನೀರು ಒಂದು ಸಲವೂ ಮೂರನೇ ಮೆಟ್ಟಿಲು ದಾಟಿರಲಿಲ್ಲ. ಸೋಲಾರ್ ಕಂಪನಿಯವರು ಮೇಲಿನ ಹೊಲಗಳ ಬದು ಒಡೆದರು, ಹಳ್ಳ ಮುಚ್ಚಿದರು, ಹುಲ್ಲುಕಡ್ಡಿ ಉಳಿಸದೆ ಸೋಲಾರ್ ಕಂಬ ನೆಟ್ಟರು. ನೀರು ಇನ್ನೆಲ್ಲಿಗೆ ಹೋಗಬೇಕು? ಇವತ್ತು ಎಲ್ಲರೂ ಕಂಪನಿ ಗೇಟಿನ ಹತ್ತಿರ ಬನ್ನಿ.

ಗಿರಣಿಮನೆ ಅಣ್ಣ, 5:03
ನಾನು ಮೊದಲ ಸಭೆಯಲ್ಲೇ ಹೇಳಿದ್ದೆ. ಯಾರು ಕೇಳಿದಿರಿ? ಗುತ್ತಿಗೆಗೆ ಸಹಿ ಹಾಕಿದವರು ಮೊದಲು ಉತ್ತರ ಕೊಡಲಿ.

ಬಾವಿಮನೆ ತಮ್ಮ, 5:09
ಸಹಿ ಹಾಕಿದ್ದು ನಾವೇ ಅಣ್ಣಾ. ಮೂರು ಸಲ ಬಿತ್ತಿ ಬರಿಗೈಯಲ್ಲಿ ಬಂದೆವು. ಆಗ ನೀವು ಬಂದು ಕೇಳಿದಿರಾ? ಜಮೀನು ಈಗಲೂ ನಮ್ಮ ಹೆಸರಲ್ಲೇ ಇದೆ.

ಗಿರಣಿಮನೆ ಅಣ್ಣ, 5:10
ಹೆಸರು ನಿಮ್ಮದು, ಕೆಸರು ಅಕ್ಕನದು. ಅಲ್ವಾ?

ಹೊಸಮನೆ, 5:40
🌸 ಶುಭೋದಯ 🌸 ಸೋಲಾರ್ ಇರುವ ಕಡೆ ಮೋಡ ಕಟ್ಟುವುದಿಲ್ಲ. ತಪ್ಪದೆ ಹತ್ತು ಜನಕ್ಕೆ ಕಳಿಸಿ.

ಮೇಷ್ಟ್ರು, 5:52
ಇಂಥದ್ದು ಹಾಕಬೇಡಿ. ನಮ್ಮ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ. ಸೋಲಾರ್‌ಗೆ ಜಾಗ ಬಹಳ ಬೇಕು, ಒಂದು ಮೆಗಾವ್ಯಾಟ್ ವಿದ್ಯುತ್‌ಗೆ ನಾಲ್ಕೈದು ಎಕರೆಯಾದರೂ. ಪಾವಗಡದ ಸೋಲಾರ್ ಪಾರ್ಕಿನಲ್ಲಿ 2,050 ಮೆಗಾವ್ಯಾಟ್‌ಗೆ ಸುಮಾರು 13 ಸಾವಿರ ಎಕರೆ ಹೋಯಿತು, ಅದೂ ಗುತ್ತಿಗೆಗೇ. ಅಷ್ಟಗಲ ಜಾಗದಲ್ಲಿ ಪ್ಯಾನೆಲ್ ಮೇಲೆ ಬಿದ್ದ ಮಳೆ ಕೆಳ ಅಂಚಿನಿಂದ ಒಂದೇ ಗೆರೆಯಲ್ಲಿ ಸುರಿಯುತ್ತದೆ. ಕೆಳಗೆ ಹುಲ್ಲಿದ್ದರೆ ನೆಲ ಕುಡಿಯುತ್ತದೆ. ಬೋಳು ನೆಲವಾದರೆ ಮಣ್ಣು ಕೊರೆದುಕೊಂಡು ಬರುತ್ತದೆ. ನಿನ್ನೆ ಆಗಿದ್ದು ಅದೇ. ಹಳ್ಳ ಬಿಡಿಸಲಿ, ಬದು ಹಾಕಲಿ, ಹುಲ್ಲು ಬೆಳೆಸಲಿ. ಗುತ್ತಿಗೆ ಮುಗಿದ ಮೇಲೆ ಕಂಬ, ಕಾಂಕ್ರೀಟ್ ಕಿತ್ತು ನೆಲ ಸರಿ ಮಾಡಿಕೊಡುವವರು ಯಾರು ಅಂತಲೂ ಕಾಗದದಲ್ಲಿ ಬರಲಿ. ಪ್ಯಾನೆಲ್ 25 ವರ್ಷ ಬಾಳುತ್ತದೆ. ಅಷ್ಟು ದಿನ ಬಾಯಿಮಾತು ಉಳಿಯುವುದಿಲ್ಲ.

ಕುರಿಹಟ್ಟಿ ಮಾವ, 6:15
ಹುಲ್ಲು ಬಂದರೆ ನಮ್ಮ ಕುರಿ ಬಿಡಲಿ. ಬೇರೆ ದೇಶಗಳಲ್ಲಿ ಪ್ಯಾನೆಲ್ ಕೆಳಗೇ ಮೇಯಿಸುತ್ತಾರೆ. ಬೇಲಿ ಬಂದಾಗಿನಿಂದ ಕಾಲುದಾರಿಯೇ ಇಲ್ಲ, ಸುಮ್ನೆ ಸುತ್ತುತ್ತಿದ್ದೇನೆ.

ಹೊಸಮನೆ, 6:17
ಹಾಗಾದರೆ ಕುರಿಗಳನ್ನೂ ಗುಂಪಿಗೆ ಸೇರಿಸಿ 😄

ಗಿರಣಿಮನೆ ಅಣ್ಣ, 6:20
ಕುರಿ ಆಮೇಲೆ. ಮೊದಲು ಕಂಪನಿ ಜಾಗ ಖಾಲಿ ಮಾಡಲಿ. ನಾನು ಇದನ್ನು ಬಿಡುವವನಲ್ಲ.

ಬಾವಿಮನೆ ತಮ್ಮ, 6:21
ಖಾಲಿ ಮಾಡಿದರೆ ನಮ್ಮ ಬಾಡಿಗೆ ನೀವು ಕೊಡುತ್ತೀರಾ?

ಗಿರಣಿಮನೆ ಅಣ್ಣ, 6:22
ದುಡ್ಡು ದುಡ್ಡು. ಬೇರೆ ಮಾತೇ ಇಲ್ಲ ನಿಮಗೆ.

ಮೂಲೆಮನೆ ಅಕ್ಕ, 7:40
ಜಗಳ ಸಾಕು. ಮನವಿ ಬರೆಯುವವರು ಯಾರು? ನಾನಿನ್ನೂ ಕೆಸರು ಬಾಚುತ್ತಿದ್ದೇನೆ.

ಮೇಷ್ಟ್ರು, 8:30
ಬರೆದಿದ್ದೇನೆ. ಬಂದು ಸಹಿ ಹಾಕಿ.

ಮೇಷ್ಟ್ರು, 11:20
ನಾಲ್ಕೇ ಸಹಿ. ತಮ್ಮ, ನಿನ್ನದು ಬೇಕೇ ಬೇಕಪ್ಪ. ಜಮೀನು ಕೊಟ್ಟವರು ಸೇರದಿದ್ದರೆ ಕಾಗದಕ್ಕೆ ತೂಕ ಇಲ್ಲ.

ಬಾವಿಮನೆ ತಮ್ಮ, 11:26
ಅಣ್ಣ ಆ ದುಡ್ಡಿನ ಮಾತು ವಾಪಸ್ ತಗೊಳ್ಳಲಿ. ಆಮೇಲೆ ಹಾಕುತ್ತೇನೆ.

ಹೊಸಮನೆ, 11:48
ಕುಡಿಯುವ ನೀರಿನ ತೊಟ್ಟಿಗೂ ಕೆಸರು ನುಗ್ಗಿದೆ. ನಲ್ಲಿ ತಿರುಗಿಸಿದರೆ ಕೆಂಪು ನೀರು.

ಗಿರಣಿಮನೆ ಅಣ್ಣ, 11:50
ಅಯ್ಯೋ, ಮಕ್ಕಳಿಗೆ ಕುಡಿಸಬೇಡಿ. ಯಾರ್ಯಾರು ಬರುತ್ತೀರಿ ತೊಳೆಯಲು?

ಬಾವಿಮನೆ ತಮ್ಮ, 11:51
ಪಂಪ್ ನನ್ನ ಹತ್ತಿರ ಇದೆ. ತರುತ್ತೇನೆ.

ಕುರಿಹಟ್ಟಿ ಮಾವ, 11:53
ನಾನೂ ಬರುತ್ತೇನೆ. ಏಣಿ ಯಾರ ಮನೆಯಲ್ಲಿದೆ?

ಮೂಲೆಮನೆ ಅಕ್ಕ, 11:55
ನಮ್ಮಲ್ಲಿದೆ, ಬಂದು ಒಯ್ಯಿರಿ. ಮೇಷ್ಟ್ರೇ, ಕಾಗದ ತೊಟ್ಟಿ ಹತ್ತಿರವೇ ತನ್ನಿ.