ಅನುವಿನ ಪೈಲಟ್ ಕೋರ್ಸ್ ಬಗ್ಗೆ, ಭಾವನಿಗೆ

ಭಾವ, ಅಕ್ಕ, ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಊಟ ಮುಗಿಸಿ ನಿಧಾನಕ್ಕೆ ಕೇಳಿ. ಅನುಗೆ ಬಿ.ಎಸ್ಸಿ. ಏವಿಯೇಷನ್ ಸೀಟು ಸಿಕ್ಕಿದೆ, ಮೂರು ವರ್ಷದಲ್ಲಿ ಡಿಗ್ರಿಯ ಜೊತೆಗೇ ಪೈಲಟ್ ಲೈಸೆನ್ಸ್, ಕೆಲಸ ಗ್ಯಾರಂಟಿ ಅಂತ ಕಾಲೇಜಿನವರು ಹೇಳಿದ್ದಾರೆ, ಶುಕ್ರವಾರದೊಳಗೆ ಐದು ಲಕ್ಷ ಕಟ್ಟಬೇಕು, ಕಟ್ಟಲಾ ಎಂದು ಕೇಳಿದ್ದೀರಿ. ಪೈಲಟ್ ಆಗಲು ಬರುವ ಮಕ್ಕಳಿಗೆ ಹವಾಮಾನದ ಪಾಠ ಹೇಳುವುದೇ ನನ್ನ ಕೆಲಸ. ಹಾಗಾಗಿ ಸುಮ್ನೆ ಒಂದು ಥಂಬ್ಸ್ ಅಪ್ ಹಾಕಿ ಬಿಡಲು ಮನಸ್ಸು ಬರಲಿಲ್ಲ.

ಮೊದಲು ಅಮ್ಮ ಕೇಳಿದ್ದಕ್ಕೆ ಉತ್ತರ. ಅಮ್ಮಾ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂದಿರಲ್ಲ. 1936ರಲ್ಲೇ ಸರಳಾ ಠಕ್ರಾಲ್ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನ ಹಾರಿಸಿ ಲೈಸೆನ್ಸ್ ತೆಗೆದುಕೊಂಡಿದ್ದರು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ನಮ್ಮ ಬೆಂಗಳೂರಿಗೆ ಬಂದಿಳಿಯಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವ. ಪೈಲಟ್‌ಗಳಲ್ಲಿ ಹೆಂಗಸರ ಪಾಲು ಜಗತ್ತಿನ ಸರಾಸರಿಗಿಂತ ಭಾರತದಲ್ಲಿ ಎಷ್ಟೋ ಜಾಸ್ತಿ. ಅನು ಹಾರಲಿ. ನನಗಂತೂ ತುಂಬಾ ಆಸೆ ಇದೆ.

ಆದರೆ ಭಾವ, ಡಿಗ್ರಿ ಬೇರೆ, ಲೈಸೆನ್ಸ್ ಬೇರೆ. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಕೊಡುವುದು ದೆಹಲಿಯ ಡಿಜಿಸಿಎ, ಅಂದರೆ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಬಿ.ಎಸ್ಸಿ.ಯಲ್ಲಿ ರ‍್ಯಾಂಕ್ ಬಂದರೂ ಡಿಜಿಸಿಎಯವರು ಒಂದು ಗಂಟೆಯ ಹಾರಾಟವನ್ನೂ ಬಿಟ್ಟುಕೊಡುವುದಿಲ್ಲ. ಅವರಿಗೆ ಬೇಕಾದದ್ದು ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್, 18 ವರ್ಷ ವಯಸ್ಸು, ಮೆಡಿಕಲ್ ಅಂದರೆ ವೈದ್ಯಕೀಯ ತಪಾಸಣೆ, ಅವರದೇ ಪರೀಕ್ಷೆಗಳು, ಮತ್ತೆ 200 ಗಂಟೆಗಳ ಹಾರಾಟ. ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ಸ್, ಟೆಕ್ನಿಕಲ್, ಎಲ್ಲದರಲ್ಲೂ ನೂರಕ್ಕೆ 70 ಬರಲೇಬೇಕು. ರೇಡಿಯೊದಲ್ಲಿ ಮಾತಾಡಲು ಬೇರೆಯೇ ಪರೀಕ್ಷೆ ಇದೆ.

ಡಲ್ಲಾಸಿನಿಂದ ಸುರೇಶ ಅಮೆರಿಕದಲ್ಲಿ ಡಿಗ್ರಿಗೆ ತುಂಬಾ ಬೆಲೆ ಎಂದು ಬರೆದಿದ್ದಾನೆ. ಅಲ್ಲಿಯ ಮಟ್ಟಿಗೆ ಅದು ನಿಜ. 2009ರಲ್ಲಿ ಬಫಲೊ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಅಲ್ಲಿ ಕಾನೂನು ಬಿಗಿಯಾಯಿತು. ಕೋ-ಪೈಲಟ್ ಆಗಲೂ ಸಾಮಾನ್ಯವಾಗಿ 1500 ಗಂಟೆ ಬೇಕು. ಮಾನ್ಯತೆ ಇರುವ ಕಾಲೇಜಿನಲ್ಲಿ ಏವಿಯೇಷನ್ ಪದವಿಯ ಜೊತೆಗೇ ಹಾರಾಟ ಕಲಿತವರಿಗೆ ಅದು 1000ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಆ ನಿಯಮವೂ ಇಲ್ಲ, ಆ ರಿಯಾಯಿತಿಯೂ ಇಲ್ಲ. 200 ಗಂಟೆಯ ಸಿಪಿಎಲ್ ಪಡೆದು, ಏರ್‌ಲೈನ್ ಆಯ್ಕೆಯಲ್ಲಿ ಪಾಸಾಗಿ, ಟೈಪ್ ರೇಟಿಂಗ್, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ತರಬೇತಿ, ಮುಗಿಸಿದವರು ಕೋ-ಪೈಲಟ್ ಸೀಟಿನಲ್ಲಿ ಕೂರಬಹುದು. ಅಲ್ಲಿ ಲೈಸೆನ್ಸ್ ಪಡೆದು ಬಂದರೂ ಇಲ್ಲಿ ಪರೀಕ್ಷೆ ಬರೆದು, ಹಾರಿಸಿ ತೋರಿಸಿ, ಅದನ್ನು ಭಾರತದ ಲೈಸೆನ್ಸ್ ಆಗಿ ಬದಲಿಸಿಕೊಳ್ಳಬೇಕು.

ಹಾಗಾದರೆ ಬಿ.ಎಸ್ಸಿ. ವೇಸ್ಟಾ? ಅಲ್ಲ. ಮುಂದೆ ಎಂದಾದರೂ ಮೆಡಿಕಲ್‌ನಲ್ಲಿ ತೊಂದರೆ ಬಂದರೆ ಕೈಯಲ್ಲಿ ಒಂದು ಪದವಿ ಇರಲಿ ಎನ್ನುವುದು ಒಳ್ಳೆಯ ಯೋಚನೆಯೇ. ಆದರೆ ಆ ಪದವಿಗಾಗಿ ಹಾರಾಟದ ಗುಣಮಟ್ಟ ಬಿಟ್ಟುಕೊಡಬಾರದು.

ಈಗ ನಾನು ಹೇಳಲೇಬೇಕಾದ ಮಾತು. ಆ ಕಾಲೇಜಿಗೆ ಹೋದಾಗ ಕಟ್ಟಡ, ಹಾಸ್ಟೆಲ್, ಎಸಿ ಕ್ಲಾಸ್‌ರೂಮ್ ನೋಡಿ ಬರಬೇಡಿ. ವಿಮಾನ ನಿಲ್ಲಿಸುವ ಹ್ಯಾಂಗರ್‌ಗೆ ಹೋಗಿ. ಇಂದು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ, ಇನ್‌ಸ್ಟ್ರಕ್ಟರ್ ಎಷ್ಟು ಜನ, ಹುಡುಗರು ಎಷ್ಟು ಜನ ಎಂದು ಕೇಳಿ. ಲೆಕ್ಕ ಹಾಕಿ ನೋಡಿ. ನೂರು ವಿದ್ಯಾರ್ಥಿಗಳಿದ್ದರೆ 20,000 ಗಂಟೆ ಹಾರಾಟ ಆಗಬೇಕು. ತರಬೇತಿಯ ಪುಟ್ಟ ವಿಮಾನ ಸೆಸ್ನಾ 172 ಒಂದು ತಿಂಗಳಿಗೆ 60 ಗಂಟೆ ಹಾರಿತು ಅಂದುಕೊಳ್ಳೋಣ, ವರ್ಷಕ್ಕೆ 720. ಹತ್ತು ವಿಮಾನ ಇದ್ದರೂ ಅಷ್ಟೂ ಮಕ್ಕಳ ಗಂಟೆ ಮುಗಿಯಲು ಎರಡೂಮುಕ್ಕಾಲು ವರ್ಷ ಬೇಕು. ಅದೂ ಎಲ್ಲ ಸರಿಯಾಗಿ ನಡೆದರೆ. 50 ಗಂಟೆಗೆ, 100 ಗಂಟೆಗೆ ಅಂತ ವಿಮಾನ ತಪಾಸಣೆಗೆ ನಿಲ್ಲುತ್ತದೆ. ಬಿಡಿಭಾಗ ಬರಲಿಲ್ಲ ಅಂದರೆ ಇನ್ನಷ್ಟು ದಿನ ಅಲ್ಲೇ.

ಆಮೇಲೆ ಆಕಾಶ. ಇದು ನನ್ನ ವಿಷಯ, ಸ್ವಲ್ಪ ಹೇಳಲು ಬಿಡಿ. ಕಲಿಯುವ ಮಕ್ಕಳು ಹೊರಗೆ ಕಣ್ಣಿಂದ ನೋಡಿಕೊಂಡೇ ಹಾರಬೇಕು, ಸಾಮಾನ್ಯವಾಗಿ ಐದು ಕಿಲೋಮೀಟರ್ ದೂರ ಕಾಣಬೇಕು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಒಳ್ಳೆಯ ಹೆಸರಿನ ಸಂಸ್ಥೆ. ಆದರೆ ಡಿಸೆಂಬರ್, ಜನವರಿಯಲ್ಲಿ ಆ ಬಯಲಿನ ಮೇಲೆ ಮಂಜು ಕವಿದರೆ ಬೆಳಗಿನ ಹಾರಾಟಕ್ಕೆ ಕಾಯುತ್ತಾ ಕೂರಬೇಕು. ನಮ್ಮ ಕಡೆ ಮುಂಗಾರಿನಲ್ಲಿ ಮೋಡ ಕೆಳಗಿಳಿಯುತ್ತದೆ. ಬೇಸಿಗೆ ಮಧ್ಯಾಹ್ನ ನೆಲ ಕಾದು ಗಾಳಿ ಮೇಲೇಳುತ್ತದೆ, ಸಣ್ಣ ವಿಮಾನ ಕುಲುಕಾಡುತ್ತದೆ. ಆದ್ದರಿಂದ ಕಳೆದ ವರ್ಷ ಸೇರಿದವರಿಗೆ ಈವರೆಗೆ ಎಷ್ಟು ಗಂಟೆ ಆಗಿದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಲಾಗ್‌ಬುಕ್ ತೋರಿಸಿ ಅನ್ನಿ, ಮಕ್ಕಳು ಖುಷಿಯಿಂದ ತೋರಿಸುತ್ತಾರೆ. 200ರಲ್ಲಿ 100 ಗಂಟೆ ವಿಮಾನದ ಹೊಣೆ ತನ್ನದೇ ಆಗಿ ಹಾರಿರಬೇಕು. 300 ನಾಟಿಕಲ್ ಮೈಲಿಯ, ಅಂದರೆ ಸುಮಾರು 555 ಕಿಲೋಮೀಟರ್‌ನ ಒಂದು ದೂರದ ಹಾರಾಟ, ರಾತ್ರಿ ಹಾರಾಟ ಐದು ಗಂಟೆ, ಇವೆಲ್ಲ ಅದರೊಳಗೆ ಬರಬೇಕು. ಕೊನೆಯಲ್ಲಿ ಎಷ್ಟೋ ಜನ ಸಿಕ್ಕಿಕೊಳ್ಳುವುದು ಇಲ್ಲೇ.

ಇದೆಲ್ಲಕ್ಕಿಂತ ಮೊದಲು ಮೆಡಿಕಲ್. ಅಕ್ಕ, ಇದು ನಿಮಗೆ. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಮೊದಲ ಹಂತದ ಮೆಡಿಕಲ್ ಆದ ಕ್ಲಾಸ್ 2 ಮಾಡಿಸಿ, ಅದು ಬಂದ ಮೇಲೆ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1. ಕ್ಲಾಸ್ 1ಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅನು ಕನ್ನಡಕ ಹಾಕುತ್ತಾಳೆ ಅಂತ ಹೆದರಬೇಡಿ. ಕನ್ನಡಕದಿಂದ ದೃಷ್ಟಿ ಸರಿಹೋಗಿ ಮಿತಿಯೊಳಗೆ ಇದ್ದರೆ ಸಾಕು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ಕಷ್ಟ. ಅದು ಎಷ್ಟೋ ಮಕ್ಕಳಿಗೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ. ಹಣ ಕಟ್ಟಿದ ಮೇಲೆ ಅದು ಗೊತ್ತಾಗಿ ಮನೆಯವರೆಲ್ಲ ಅತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಣದ ವಿಷಯ ಚುಟುಕಾಗಿ. ಒಟ್ಟು ಖರ್ಚು ಸಾಮಾನ್ಯವಾಗಿ ನಲವತ್ತು ಲಕ್ಷ ದಾಟುತ್ತದೆ. ಏರ್‌ಬಸ್ 320 ತರಹದ ವಿಮಾನದ ಟೈಪ್ ರೇಟಿಂಗ್‌ಗೆ ಮತ್ತೆ ಹತ್ತು ಲಕ್ಷಕ್ಕೂ ಮೇಲೆ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ನೀವು ತೋಟ ಇಡುತ್ತೇನೆ ಅಂದಿದ್ದೀರಿ. ಇಡುವುದಾದರೆ, ಫೀಸು ಹಾರಿದ ಗಂಟೆಗೆ ತಕ್ಕ ಹಾಗೆ ಕಂತಿನಲ್ಲಿ ಇರಲಿ. ಪೂರ್ತಿ ಮುಂಗಡ ಕೇಳುವ ಕಡೆ ಬೇಡ. ಅರ್ಧಕ್ಕೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಕಾಗದದಲ್ಲೇ ಬರೆಸಿಕೊಳ್ಳಿ. ಕೆಲಸ ಗ್ಯಾರಂಟಿ ಅನ್ನುವ ಮಾತನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ, ಏರ್‌ಲೈನ್‌ನವರು ತಮ್ಮದೇ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ.

ಅನು, ನೀನು ಈ ವಾರವೇ ಕ್ಲಾಸ್ 2ಕ್ಕೆ ಅಪಾಯಿಂಟ್‌ಮೆಂಟ್ ತಗೋ. ಹವಾಮಾನದ ಪುಸ್ತಕ ನಾನು ಕಳಿಸುತ್ತೇನೆ, ಈಗಿಂದಲೇ ಓದು. ಭಾವ, ಕ್ಲಾಸ್ 1 ಆಗುವವರೆಗೆ ಸೀಟು ಹಿಡಿದಿಡಿ ಎಂದು ಕಾಲೇಜಿಗೆ ಇವತ್ತೇ ಇಮೇಲ್ ಹಾಕಿ. ಒಪ್ಪಿದರೆ ಭಾನುವಾರ ನಾನೂ ಬರುತ್ತೇನೆ, ಹ್ಯಾಂಗರ್ ಒಟ್ಟಿಗೆ ನೋಡೋಣ. ಒಪ್ಪದಿದ್ದರೆ ಶುಕ್ರವಾರ ಹಣ ಕಟ್ಟಬೇಡಿ.