ವರ್ಡ್ ಫೈಲಿನಲ್ಲಿ ಎರಡೆರಡು ಸಲ ಬಂದಿರುವ ವಾಕ್ಯ ಹಿಡಿಯೋದು ಹೇಗೆ?

ಪ್ರಶ್ನೆ:
84 ಪುಟದ ವರದಿ. ಆರು ತಿಂಗಳು ಅಲ್ಲಿಂದಿಲ್ಲಿಗೆ ಕಾಪಿ, ಪೇಸ್ಟ್ ಮಾಡಿ ಬರೆದಿದ್ದೇನೆ. ನಿನ್ನೆ ನೋಡಿದರೆ "ಇದರ ವಿವರ ಮುಂದೆ ಬರುತ್ತದೆ" ಅನ್ನೋದು ಪುಟ 12ರಲ್ಲೂ ಇದೆ, 57ರಲ್ಲೂ ಇದೆ. ವಿವರ ಮಾತ್ರ ಎಲ್ಲೂ ಬಂದಿಲ್ಲ! ಕಂಟ್ರೋಲ್ ಎಫ್ ಒತ್ತಿ ಹುಡುಕೋಣ ಅಂದ್ರೆ ಯಾವ ವಾಕ್ಯ ಅಂತ ಮೊದಲೇ ಗೊತ್ತಿರಬೇಕಲ್ವಾ?

ಉತ್ತರ 1:
ಫೈಲಿನ ಇನ್ನೊಂದು ಕಾಪಿ ತೆಗೆದುಕೊಳ್ಳಿ, ಮೂಲ ಮುಟ್ಟಬೇಡಿ. ಎರಡೆರಡು ಸ್ಪೇಸ್ ಇದ್ದರೆ ಮೊದಲು ಒಂದು ಮಾಡಿ. ಆಮೇಲೆ ರಿಪ್ಲೇಸ್‌ನಲ್ಲಿ ಫುಲ್‌ಸ್ಟಾಪ್ ಮತ್ತು ಸ್ಪೇಸ್ ಹುಡುಕಿ, ಅದರ ಜಾಗಕ್ಕೆ ಫುಲ್‌ಸ್ಟಾಪ್ ಮತ್ತು ಪ್ಯಾರಾಗ್ರಾಫ್ ಮಾರ್ಕ್ ಹಾಕಿ. ಆ ಮಾರ್ಕ್ 'ಸ್ಪೆಷಲ್' ಬಟನ್ ಒಳಗೆ ಸಿಗುತ್ತದೆ. ಈಗ ಸಾಲಿಗೊಂದು ವಾಕ್ಯ. ಎಲ್ಲವನ್ನೂ ಎಕ್ಸೆಲ್‌ನ ಒಂದೇ ಕಾಲಮ್ಮಿಗೆ ಪೇಸ್ಟ್ ಮಾಡಿ, ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ 'ಡೂಪ್ಲಿಕೇಟ್ ವ್ಯಾಲ್ಯೂಸ್' ಆರಿಸಿ. ಎರಡು ಸಲ ಬಂದವಕ್ಕೆಲ್ಲ ಬಣ್ಣ ಬರುತ್ತದೆ, ಕ್ರಮವೂ ಕೆಡುವುದಿಲ್ಲ. 'ಡಾ.' ಥರದವು ಮಧ್ಯಕ್ಕೆ ಮುರಿಯುತ್ತವೆ, ಇರಲಿ ಬಿಡಿ.

ಉತ್ತರ 2:
ಕನ್ನಡ ಅಂದ್ರೆ ಒಂದು ಕಿರಿಕ್ ಇದೆ. 'ಸಾಫ್ಟ್‌ವೇರ್' ಥರದ ಪದದ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡೂ ಬೇರೆ ಅಂತಲೇ ಲೆಕ್ಕ. ಒಂದು ಪದ ಬದಲಾಗಿದ್ದರೂ ಅಷ್ಟೇ.

ಪ್ರಶ್ನೆ ಕೇಳಿದವರು:
ಮಾಡಿದೆ. ಹತ್ತೊಂಬತ್ತು ಸಿಕ್ಕವು! ಒಂದು ಪ್ಯಾರಾ ಇಡಿಯಾಗಿ ಎರಡು ಸಲ ಇತ್ತು. ಥ್ಯಾಂಕ್ಸ್.